ಎಂ.ಆರ್.ಐ. ತಪಾಸಣೆ: ಸುರಕ್ಷತೆಯ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮೆದುಳು, ಬೆನ್ನುಹುರಿ, ಕೀಲು, ಸ್ನಾಯು ಹಾಗೂ ದೇಹದ ಇತರ ಮೃದು ಭಾಗಗಳ ಕಾಯಿಲೆಗಳನ್ನು ಪತ್ತೆ ಹಚ್ಚಲು ವೈದ್ಯರು ಎಂ.ಆರ್.ಐ. ತಪಾಸಣೆಯನ್ನು ಶಿಫಾರಸು ಮಾಡುತ್ತಾರೆ. ತಪಾಸಣೆಗೆ ಬರುವ ಪ್ರತಿಯೊಬ್ಬರಿಗೂ ಕೇಂದ್ರದಲ್ಲಿ ಒಂದು ಪ್ರಶ್ನಾವಳಿಯನ್ನು ನೀಡಲಾಗುತ್ತದೆ. ಅನೇಕರು ಇದನ್ನು ಕಛೇರಿಗಳಲ್ಲಿ ಭರ್ತಿ ಮಾಡುವ ಇತರೆ ನಮೂನೆಗಳಂತೆಯೇ ಭಾವಿಸಿ, ಎಲ್ಲ ಪ್ರಶ್ನೆಗಳ ಮುಂದೆಯೂ 'ಇಲ್ಲ' ಎಂದು ಗುರುತು ಹಾಕಿ ಸಹಿ ಮಾಡಿ ಕೊಡುವುದುಂಟು. ಇದು ಸರಿಯಾದ ಕ್ರಮವಲ್ಲ. ನಿಮ್ಮ ದೇಹದೊಳಗೆ ಏನಿದೆ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಸಿಬ್ಬಂದಿಗೂ ನೀವು ತಿಳಿಸಿದರೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಸದರಿ ಪ್ರಶ್ನಾವಳಿಯೇ ಎಂ.ಆರ್.ಐ. ಸುರಕ್ಷತೆಯ ಮೊದಲ ಹಾಗೂ ಮುಖ್ಯವಾದ ಸಾಧನವೆಂದು ತಿಳಿಯತಕ್ಕದ್ದು.

ತಪಾಸಣೆಗೆ ಬರುವ ರೋಗಿಗಳು ಮತ್ತು ಅವರ ಜೊತೆಯಲ್ಲಿ ಬರುವವರು ಪಾಲಿಸಬೇಕಾದ ಕ್ರಮಗಳನ್ನೂ ಅವುಗಳ ಕಾರಣಗಳನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

1. ಯಂತ್ರವು ಕೆಲಸ ಮಾಡುವ ಬಗೆ

ಎಂ.ಆರ್.ಐ. ಎಂದರೆ ಮ್ಯಾಗ್ನೆಟಿಕ್ ರೆಸೊನೆನ್ಸ್ ಇಮೇಜಿಂಗ್. ಪ್ರಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ, ದೇಹದಲ್ಲಿರುವ ನೀರು ಮತ್ತು ಕೊಬ್ಬಿನಲ್ಲಿನ ಜಲಜನಕದ ಪರಮಾಣುಗಳಿಂದ ಸಂಕೇತಗಳನ್ನು ಪಡೆದು ಚಿತ್ರವನ್ನು ರೂಪಿಸಲಾಗುತ್ತದೆ. ಎಕ್ಸ್-ರೇ ಮತ್ತು ಸಿ.ಟಿ. ಸ್ಕ್ಯಾನ್‌ಗಳಲ್ಲಿ ಬಳಸುವ ಕ್ಷ-ಕಿರಣಗಳು ಇದರಲ್ಲಿ ಇರುವುದಿಲ್ಲ. ಈ ಕಾರಣದಿಂದ 'ಎಂ.ಆರ್.ಐ.ಯಲ್ಲಿ ಯಾವ ಅಪಾಯವೂ ಇಲ್ಲ' ಎಂಬ ಭಾವನೆ ಜನರಲ್ಲಿದೆ. ಇದು ಅರ್ಧ ಸತ್ಯ ಮಾತ್ರ. ಇಲ್ಲಿನ ಅಪಾಯವು ಬೇರೆ ಬಗೆಯದು. ಅದು ಅಯಸ್ಕಾಂತದಿಂದ ಬರುವಂಥದ್ದು.

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ ಅಥವಾ 3 ಟೆಸ್ಲಾ ಸಾಮರ್ಥ್ಯದ ಯಂತ್ರಗಳಿರುತ್ತವೆ. ಟೆಸ್ಲಾ ಎಂಬುದು ಕಾಂತಕ್ಷೇತ್ರವನ್ನು ಅಳೆಯುವ ಮಾನ. 1.5 ಟೆಸ್ಲಾ ಎಂದರೆ, ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು.

ಪ್ರಮುಖ ಸೂಚನೆ: ಈ ಅಯಸ್ಕಾಂತವು ಸದಾ ಕಾಲ ಚಾಲನೆಯಲ್ಲಿರುತ್ತದೆ. ಬಹುತೇಕ ಯಂತ್ರಗಳಲ್ಲಿ ನಿಯೋಬಿಯಂ-ಟೈಟೇನಿಯಂ ತಂತಿಯ ಸುರುಳಿಗಳನ್ನು ದ್ರವ ಹೀಲಿಯಂನ ಸಹಾಯದಿಂದ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ, ಅದರಲ್ಲಿ ಒಮ್ಮೆ ವಿದ್ಯುತ್ತನ್ನು ಹರಿಯಬಿಡಲಾಗುತ್ತದೆ. ಆ ತಂಪಿನಲ್ಲಿ ತಂತಿಗೆ ವಿದ್ಯುತ್ ರೋಧವೇ ಇರುವುದಿಲ್ಲವಾದ್ದರಿಂದ ವಿದ್ಯುತ್ತು ತಾನಾಗಿಯೇ ಸುತ್ತುತ್ತಿರುತ್ತದೆ. ತಪಾಸಣೆ ಮುಗಿದ ನಂತರವೂ, ರಾತ್ರಿ ವೇಳೆಯಲ್ಲೂ, ರಜಾ ದಿನಗಳಲ್ಲೂ, ಕರೆಂಟು ಹೋದಾಗಲೂ ಅಯಸ್ಕಾಂತದ ಸೆಳೆತವು ಕಡಿಮೆಯಾಗುವುದಿಲ್ಲ. ಯಂತ್ರದಿಂದ ಶಬ್ದ ಬರುತ್ತಿಲ್ಲವೆಂದರೆ ಆ ಹೊತ್ತಿನಲ್ಲಿ ಚಿತ್ರ ತೆಗೆಯುತ್ತಿಲ್ಲ ಎಂದಷ್ಟೇ ಅರ್ಥ. ಅಯಸ್ಕಾಂತ ನಿಂತಿದೆ ಎಂದು ಅರ್ಥವಲ್ಲ.

2. ಅಪಾಯಗಳ ವಿವರ

(ಅ) ಲೋಹದ ವಸ್ತುಗಳ ಸೆಳೆತ: ಕಬ್ಬಿಣ ಮತ್ತು ಉಕ್ಕಿನ ವಸ್ತುಗಳು ಯಂತ್ರದ ಕಡೆಗೆ ಹಾರಿ ಹೋಗುತ್ತವೆ. ಈ ಸೆಳೆತವು ದೂರದಲ್ಲಿ ಗೊತ್ತಾಗುವುದಿಲ್ಲ. ಯಂತ್ರದ ಹತ್ತಿರ ಹೋದಂತೆ ಹಠಾತ್ತನೆ ಏರುತ್ತದೆ. ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದೇನೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಕತ್ತರಿ, ಕೀಲಿಕೈ, ಆಮ್ಲಜನಕದ ಸಿಲಿಂಡರ್, ಗಾಲಿ ಕುರ್ಚಿ, ಸ್ಟ್ರೆಚರ್, ಸಲೈನ್ ಸ್ಟ್ಯಾಂಡ್ ಇವೆಲ್ಲವೂ ಯಂತ್ರದೊಳಗೆ ಮಲಗಿರುವ ರೋಗಿಯ ಮೇಲೆ ಬಡಿಯಬಲ್ಲವು.

(ಆ) ದೇಹದೊಳಗಿನ ಸಾಧನಗಳು: ಪೇಸ್‌ಮೇಕರ್‌ನಂತಹ ವಿದ್ಯುನ್ಮಾನ ಸಾಧನಗಳ ಕಾರ್ಯದಲ್ಲಿ ಏರುಪೇರಾಗಬಹುದು. ಮೆದುಳಿನ ರಕ್ತನಾಳಕ್ಕೆ ಹಾಕಿದ ಕೆಲವು ಹಳೆಯ ಕ್ಲಿಪ್‌ಗಳು ಸ್ಥಳದಿಂದ ಸರಿದು ರಕ್ತಸ್ರಾವವಾಗಬಹುದು.

(ಇ) ಬಿಸಿ ಮತ್ತು ಸುಟ್ಟ ಗಾಯ: ರೇಡಿಯೋ ತರಂಗಗಳಿಂದ ದೇಹವು ಸ್ವಲ್ಪ ಬಿಸಿಯಾಗುವುದು ಸಹಜ. ಆದರೆ ಚರ್ಮಕ್ಕೆ ತಾಗಿದ ತಂತಿ, ಲೋಹದ ಎಳೆಯಿರುವ ಬಟ್ಟೆ ಅಥವಾ ಆಭರಣದಲ್ಲಿ ವಿದ್ಯುತ್ತು ಹರಿದು ಸುಟ್ಟ ಗಾಯಗಳಾಗಬಹುದು. ಕೈಗಳನ್ನು ಹೆಣೆದುಕೊಂಡು ಅಥವಾ ಕಾಲ ಮೇಲೆ ಕಾಲು ಹಾಕಿ ಮಲಗಿದಾಗ ಚರ್ಮಕ್ಕೆ ಚರ್ಮ ತಾಗುವ ಸ್ಥಳದಲ್ಲಿಯೂ ಹೀಗಾಗುವ ಸಂಭವವಿದೆ. ಔಷಧದ ಪಟ್ಟಿಗಳಲ್ಲಿ ಕೆಲವಕ್ಕೆ ಹಿಂಬದಿಯಲ್ಲಿ ತೆಳುವಾದ ಲೋಹದ ಪದರವಿರುತ್ತದೆ. ಇವುಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿಯೇ ಎಚ್ಚರಿಕೆ ನೀಡಿದೆ.

(ಈ) ಶಬ್ದ: ತಪಾಸಣೆಯ ವೇಳೆ ಶಬ್ದವು 100 ಡೆಸಿಬಲ್‌ಗಳನ್ನು ಮೀರಬಹುದು. ಆದ್ದರಿಂದ ಕಿವಿಗೆ ರಕ್ಷಣೆ ಅವಶ್ಯಕ.

(ಉ) ಹೀಲಿಯಂ ಅನಿಲ: ತುರ್ತು ಸಂದರ್ಭದಲ್ಲಿ ಗುಂಡಿಯೊಂದನ್ನು ಒತ್ತಿ ಅಯಸ್ಕಾಂತವನ್ನು ನಿಷ್ಕ್ರಿಯಗೊಳಿಸಬಹುದು. ಆಗ ದ್ರವ ಹೀಲಿಯಂ ಕುದಿದು 700 ಪಟ್ಟಿಗೂ ಹೆಚ್ಚು ಗಾತ್ರದ ಅನಿಲವಾಗಿ ಕೊಳವೆಯ ಮೂಲಕ ಕಟ್ಟಡದ ಹೊರಗೆ ಹೋಗುತ್ತದೆ. ಕೊಳವೆಯಲ್ಲಿ ದೋಷವಿದ್ದು ಅನಿಲವು ಕೊಠಡಿಗೆ ತುಂಬಿದರೆ ಉಸಿರಾಡಲು ಆಮ್ಲಜನಕವಿಲ್ಲದಂತಾಗುತ್ತದೆ. ಆದ್ದರಿಂದ ಕೂಡಲೇ ಕೊಠಡಿಯಿಂದ ಹೊರಗೆ ಬರತಕ್ಕದ್ದು. ಗುಂಡಿ ಒತ್ತಿದ ಕ್ಷಣದಲ್ಲಿಯೇ ಸೆಳೆತ ನಿಲ್ಲುವುದಿಲ್ಲ. ಒಂದು ನಿಮಿಷ ಅಥವಾ ಅದಕ್ಕೂ ಹೆಚ್ಚು ಸಮಯ ಹಿಡಿಯಬಹುದು. ಸಾರ್ವಜನಿಕರು ಈ ಗುಂಡಿಯನ್ನು ಮುಟ್ಟತಕ್ಕದ್ದಲ್ಲ.

3. ಸಂಭವಿಸಿರುವ ಅವಘಡಗಳು

ಮೇಲ್ಕಂಡ ವಿವರಗಳು ಕೇವಲ ಊಹೆಯಲ್ಲ ಎಂಬುದನ್ನು ಮನದಟ್ಟು ಮಾಡಲು ಕೆಲವು ಘಟನೆಗಳನ್ನು ಇಲ್ಲಿ ನೀಡಲಾಗಿದೆ.

* ಜುಲೈ 2001, ನ್ಯೂಯಾರ್ಕ್ ರಾಜ್ಯ, ಅಮೆರಿಕ: ತಪಾಸಣೆಯಲ್ಲಿದ್ದ 6 ವರ್ಷದ ಬಾಲಕನಿಗೆ ಆಮ್ಲಜನಕದ ಅಗತ್ಯ ಬಿದ್ದಾಗ ಉಕ್ಕಿನ ಸಿಲಿಂಡರ್ ಅನ್ನು ಕೊಠಡಿಯೊಳಗೆ ತರಲಾಯಿತು. ಅದು ಹಾರಿ ತಲೆಗೆ ಬಡಿದು ಬಾಲಕನು ಮೃತಪಟ್ಟನು.

* ನವೆಂಬರ್ 2014, ನವಿ ಮುಂಬಯಿ: ಸಿಲಿಂಡರ್ ಸೆಳೆಯಲ್ಪಟ್ಟು, ಇಬ್ಬರು ಸಿಬ್ಬಂದಿ ಅದಕ್ಕೂ ಯಂತ್ರಕ್ಕೂ ನಡುವೆ ಸುಮಾರು 4 ಗಂಟೆಗಳ ಕಾಲ ಸಿಲುಕಿ ತೀವ್ರವಾಗಿ ಗಾಯಗೊಂಡರು.

* ಜನವರಿ 2018, ಮುಂಬಯಿ: ಸಂಬಂಧಿಕರ ತಪಾಸಣೆಗೆಂದು ಜೊತೆಯಲ್ಲಿ ಬಂದಿದ್ದ 32 ವರ್ಷದ ವ್ಯಕ್ತಿಯು ಆಮ್ಲಜನಕದ ಸಿಲಿಂಡರ್ ಅನ್ನು ಹಿಡಿದು ಕೊಠಡಿಯನ್ನು ಪ್ರವೇಶಿಸಿದಾಗ ಸಿಲಿಂಡರ್ ಸಮೇತ ಯಂತ್ರದ ಕಡೆಗೆ ಸೆಳೆಯಲ್ಪಟ್ಟು ಮೃತಪಟ್ಟರು. ಯಂತ್ರವು ಬಂದ್ ಆಗಿದೆ ಎಂದು ತಮಗೆ ಹೇಳಲಾಗಿತ್ತೆಂದು ಕುಟುಂಬದವರು ತಿಳಿಸಿದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ.

* ಜನವರಿ 2023, ಸಾವೊ ಪಾಲೊ, ಬ್ರೆಜಿಲ್: ತಾಯಿಯ ಜೊತೆಯಲ್ಲಿ ಬಂದಿದ್ದ ವಕೀಲರೊಬ್ಬರು, ಲೋಹದ ವಸ್ತುಗಳನ್ನು ತೆಗೆದಿಡುವಂತೆ ಸೂಚಿಸಿ ನಮೂನೆಗೆ ಸಹಿ ಪಡೆದಿದ್ದರೂ, ಸೊಂಟದಲ್ಲಿದ್ದ ಪಿಸ್ತೂಲಿನ ಬಗ್ಗೆ ತಿಳಿಸಲಿಲ್ಲ. ಅಯಸ್ಕಾಂತದ ಸೆಳೆತಕ್ಕೆ ಗುಂಡು ಹಾರಿ ಹೊಟ್ಟೆಗೆ ತಗುಲಿತು. ಅವರು ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ನಿಧನರಾದರು.

* ಜುಲೈ 2025, ನ್ಯೂಯಾರ್ಕ್ ರಾಜ್ಯ, ಅಮೆರಿಕ: ಮೊಣಕಾಲಿನ ತಪಾಸಣೆ ಮುಗಿಸಿದ ಪತ್ನಿಯನ್ನು ಎಬ್ಬಿಸಲೆಂದು ಕೊಠಡಿಯೊಳಗೆ ಹೋದ 61 ವರ್ಷದ ವ್ಯಕ್ತಿಯ ಕೊರಳಿನಲ್ಲಿ, ವ್ಯಾಯಾಮಕ್ಕೆ ಬಳಸುವ ಸುಮಾರು 9 ಕಿಲೋಗ್ರಾಂ ತೂಕದ ಲೋಹದ ಸರಪಳಿಯಿತ್ತು. ಯಂತ್ರವು ಅವರನ್ನು ಸೆಳೆದುಕೊಂಡಿತು. ಮರುದಿನ ಅವರು ಮೃತಪಟ್ಟರು.

ಈ 5 ಘಟನೆಗಳಲ್ಲಿ ಮೃತಪಟ್ಟವರು 4 ಮಂದಿ. ಅವರಲ್ಲಿ 3 ಮಂದಿ ರೋಗಿಗಳಲ್ಲ. ರೋಗಿಯ ಜೊತೆಯಲ್ಲಿ ಬಂದವರು. ನಾಲ್ವರಲ್ಲಿ ಯಾರೊಬ್ಬರ ಸಾವಿಗೂ ಕಾಯಿಲೆಯು ಕಾರಣವಲ್ಲ. ಬಾಗಿಲಿನ ಹೊರಗೇ ಉಳಿಯಬೇಕಾಗಿದ್ದ ಒಂದು ವಸ್ತು ಒಳಗೆ ಹೋದದ್ದೇ ಕಾರಣ.

4. ಸಿಬ್ಬಂದಿಗೆ ತಪ್ಪದೇ ತಿಳಿಸಬೇಕಾದ ಅಂಶಗಳು

ಈ ಕೆಳಕಂಡ ಅಂಶಗಳಲ್ಲಿ ಯಾವುದಾದರೂ ಒಂದು ನಿಮಗೆ ಅನ್ವಯಿಸಿದಲ್ಲಿ, ದಿನ ನಿಗದಿಪಡಿಸುವಾಗಲೇ ತಿಳಿಸಬೇಕು. ತಪಾಸಣೆಯ ದಿನ ಮತ್ತೊಮ್ಮೆ ತಿಳಿಸಬೇಕು.

1) ಪೇಸ್‌ಮೇಕರ್ ಅಥವಾ ಹೃದಯಕ್ಕೆ ಅಳವಡಿಸಿದ ಇತರ ವಿದ್ಯುನ್ಮಾನ ಸಾಧನ.
2) ಮೆದುಳಿನ ಶಸ್ತ್ರಚಿಕಿತ್ಸೆಯಾಗಿದ್ದು, ರಕ್ತನಾಳಕ್ಕೆ ಕ್ಲಿಪ್ ಹಾಕಿರುವುದು.
3) ಕಾಕ್ಲಿಯರ್ ಇಂಪ್ಲಾಂಟ್. ಇದರ ಚರ್ಮದ ಕೆಳಗಿನ ಭಾಗದಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಅಯಸ್ಕಾಂತವೇ ಇರುತ್ತದೆ. ಭಾರತ ಸರ್ಕಾರದ ಎಡಿಪ್ ಯೋಜನೆಯಡಿ ಇಂಪ್ಲಾಂಟ್ ಪಡೆದ ಮಕ್ಕಳ ಪೋಷಕರು, ಆಗ ನೀಡಲಾದ ಕಾರ್ಡನ್ನು ಮಗುವು ದೊಡ್ಡದಾದ ಮೇಲೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.
4) ಹೃದಯದ ಸ್ಟೆಂಟ್, ಕೃತಕ ಕವಾಟ, ಮುರಿದ ಮೂಳೆಗೆ ಹಾಕಿದ ರಾಡು, ಪ್ಲೇಟು, ತಿರುಪು, ಕೃತಕ ಕೀಲು.
5) ಇನ್ಸುಲಿನ್ ಪಂಪು, ಸಕ್ಕರೆ ಅಳೆಯಲು ಚರ್ಮಕ್ಕೆ ಅಂಟಿಸಿದ ಸಾಧನ, ಔಷಧದ ಪಟ್ಟಿ, ಶ್ರವಣ ಸಾಧನ.
6) ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿರುವುದು. ವೆಲ್ಡಿಂಗ್, ಲೇತ್ ಮತ್ತು ಗ್ರೈಂಡಿಂಗ್ ಕೆಲಸ ಮಾಡುವವರು ಅಥವಾ ಹಿಂದೆ ಮಾಡಿದ್ದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಣ್ಣಿನೊಳಗೆ ಉಳಿದಿದ್ದ ಕಬ್ಬಿಣದ ಚೂರು ಸರಿದು ವ್ಯಕ್ತಿಯೊಬ್ಬರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ಪ್ರಕರಣವು 1986ರಲ್ಲಿಯೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಸಂಶಯವಿದ್ದಲ್ಲಿ ಮೊದಲು ಕಣ್ಣಿನ ಭಾಗದ ಎಕ್ಸ್-ರೇ ತೆಗೆದು ನೋಡಲಾಗುತ್ತದೆ. ಚೂರು ಸಿಡಿದು ಹತ್ತಿಪ್ಪತ್ತು ವರ್ಷಗಳೇ ಕಳೆದಿದ್ದರೂ ತಿಳಿಸಬೇಕು.
7) ದೇಹದಲ್ಲಿ ಉಳಿದಿರುವ ಗುಂಡು, ಛರ್ರೆ ಅಥವಾ ಇತರೆ ಲೋಹದ ತುಣುಕು.
8) ಗರ್ಭಿಣಿಯಾಗಿರುವುದು ಅಥವಾ ಗರ್ಭಿಣಿಯಾಗಿರಬಹುದೆಂಬ ಸಂಶಯ, ಕಾಪರ್-ಟಿ ಅಳವಡಿಕೆ.
9) ಮೂತ್ರಪಿಂಡದ ಕಾಯಿಲೆ, ಡಯಾಲಿಸಿಸ್, ಹಿಂದೆ ಯಾವುದೇ ಚುಚ್ಚುಮದ್ದಿನಿಂದ ಆಗಿದ್ದ ಅಲರ್ಜಿ.
10) ಹಚ್ಚೆ, ಮುಚ್ಚಿದ ಅಥವಾ ಇಕ್ಕಟ್ಟಾದ ಸ್ಥಳದಲ್ಲಿ ಭಯವಾಗುವ ಸ್ವಭಾವ.

ಸಾಧನವಿದೆ ಎಂದು ತಿಳಿಸಿದ ಮಾತ್ರಕ್ಕೆ ತಪಾಸಣೆಯನ್ನು ನಿರಾಕರಿಸಲಾಗುವುದಿಲ್ಲ. ಈಗಿನ ಸ್ಟೆಂಟ್, ಕೃತಕ ಕೀಲು ಮತ್ತು ರಾಡುಗಳಲ್ಲಿ ಹೆಚ್ಚಿನವು ಎಂ.ಆರ್.ಐ.ಗೆ ಅಡ್ಡಿಯಾಗುವುದಿಲ್ಲ. ನಿಗದಿತ ಷರತ್ತುಗಳ ಮೇಲೆ ಎಂ.ಆರ್.ಐ. ಮಾಡಬಹುದಾದ ಪೇಸ್‌ಮೇಕರ್‌ಗಳೂ ಬಳಕೆಯಲ್ಲಿವೆ. ಅಂತಹ ಮೊದಲ ಪೇಸ್‌ಮೇಕರ್‌ಗೆ ಅಮೆರಿಕದಲ್ಲಿ 2011ರಲ್ಲಿ ಅನುಮೋದನೆ ದೊರೆಯಿತು. 'ಹೇಳಿದರೆ ಸ್ಕ್ಯಾನಿಂಗ್ ಮಾಡುವುದಿಲ್ಲ, ಪುನಃ ಅಲೆಯಬೇಕಾಗುತ್ತದೆ' ಎಂಬ ಆತಂಕದಿಂದ ಯಾವ ವಿಷಯವನ್ನೂ ಮುಚ್ಚಿಡಬಾರದೆಂದು ಕೋರಲಾಗಿದೆ. ಒಂದು ದಿನದ ಅಲೆದಾಟಕ್ಕಿಂತ ಜೀವವು ದೊಡ್ಡದು.

5. ಸಾಧನಗಳ ಮೇಲಿನ ಮೂರು ಗುರುತುಗಳು

2005ರಿಂದ ವೈದ್ಯಕೀಯ ಸಾಧನಗಳಿಗೆ ಅಂತರರಾಷ್ಟ್ರೀಯವಾಗಿ ಈ ಕೆಳಕಂಡ ಗುರುತುಗಳು ಬಳಕೆಯಲ್ಲಿವೆ.

* ಹಸಿರು ಚೌಕ: ಎಂ.ಆರ್. ಸುರಕ್ಷಿತ. ಎಲ್ಲ ಎಂ.ಆರ್.ಐ. ಕೊಠಡಿಗಳಲ್ಲಿಯೂ ಬಳಸಬಹುದು.
* ಹಳದಿ ತ್ರಿಕೋನ: ಎಂ.ಆರ್. ಷರತ್ತುಬದ್ಧ. ತಯಾರಕರು ತಿಳಿಸಿದ ಷರತ್ತುಗಳನ್ನು ಪಾಲಿಸಿದಲ್ಲಿ ಮಾತ್ರ ಬಳಸಬಹುದು. ಉದಾಹರಣೆಗೆ, 1.5 ಟೆಸ್ಲಾ ಯಂತ್ರಕ್ಕೆ ಮಾತ್ರ ಅನುಮತಿಯಿರುವ ಸಾಧನವು 3 ಟೆಸ್ಲಾ ಯಂತ್ರಕ್ಕೆ ಯೋಗ್ಯವಲ್ಲ.
* ಅಡ್ಡಗೆರೆಯುಳ್ಳ ಕೆಂಪು ವೃತ್ತ: ಎಂ.ಆರ್. ಅಸುರಕ್ಷಿತ. ಕೊಠಡಿಯೊಳಗೆ ಒಯ್ಯುವಂತಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಸಾಧನವನ್ನು ಅಳವಡಿಸಿಕೊಂಡವರು ಅದರ ಕಂಪನಿ, ಮಾದರಿ ಸಂಖ್ಯೆ ಮತ್ತು ಅಳವಡಿಸಿದ ದಿನಾಂಕವಿರುವ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆದುಕೊಳ್ಳತಕ್ಕದ್ದು. ಪಡಿತರ ಚೀಟಿ ಮತ್ತು ಆಧಾರ್ ಚೀಟಿಗಳೊಂದಿಗೆ ಇದನ್ನೂ ಇಟ್ಟುಕೊಂಡರೆ ಮುಂದೆ ಹುಡುಕುವ ಶ್ರಮ ತಪ್ಪುತ್ತದೆ. ಕಾರ್ಡ್ ಕಳೆದುಹೋಗಿದ್ದಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ನೀಡಿದ ಸಾರಾಂಶ ಪತ್ರವನ್ನು ತರಬಹುದು.

6. ತಪಾಸಣೆಯ ದಿನ

ತರಬೇಕಾದ ದಾಖಲೆಗಳು: ವೈದ್ಯರ ಶಿಫಾರಸು ಚೀಟಿ, ಹಿಂದಿನ ಸ್ಕ್ಯಾನಿಂಗ್ ಮತ್ತು ಎಕ್ಸ್-ರೇ ವರದಿಗಳು, ಸಾಧನದ ಕಾರ್ಡ್, ಕೇಳಲಾಗಿದ್ದಲ್ಲಿ ರಕ್ತ ಪರೀಕ್ಷೆಯ ವರದಿ.

ಹೊರಗೆ ತೆಗೆದಿಡಬೇಕಾದ ವಸ್ತುಗಳು:

* ಮೊಬೈಲ್ ಫೋನ್, ಕೈಗಡಿಯಾರ, ಎ.ಟಿ.ಎಂ. ಕಾರ್ಡ್, ಕೀಲಿಕೈ, ಬೆಲ್ಟು, ಕನ್ನಡಕ, ಪೆನ್ನು.
* ಚಿಲ್ಲರೆ ನಾಣ್ಯಗಳು. ಸ್ಟೇನ್‌ಲೆಸ್ ಸ್ಟೀಲಿನ ಒಂದು ಮತ್ತು ಎರಡು ರೂಪಾಯಿ ನಾಣ್ಯಗಳು ಮನೆಯಲ್ಲಿರುವ ಸಾಧಾರಣ ಅಯಸ್ಕಾಂತಕ್ಕೂ ಅಂಟಿಕೊಳ್ಳುತ್ತವೆ ಎಂಬುದನ್ನು ಗಮನಿಸಬಹುದು.
* ತಾಳಿ, ಸರ, ಓಲೆ, ಮೂಗುತಿ, ಬಳೆ, ಉಂಗುರ, ಕಾಲುಂಗುರ, ಕಾಲ್ಗೆಜ್ಜೆ, ಉಡುದಾರ, ತಾಯಿತ.
* ಸೀರೆ ಮತ್ತು ರವಿಕೆಗೆ ಹಾಕಿದ ಪಿನ್ನು, ತಾಳಿ ಸರಕ್ಕೆ ಅಥವಾ ಬಳೆಗೆ ಸಿಕ್ಕಿಸಿಕೊಂಡ ಪಿನ್ನು, ಹೇರ್ ಪಿನ್ನು, ಕ್ಲಿಪ್ಪು.
* ಜರಿಯಿರುವ ಬಟ್ಟೆ, ಲೋಹದ ಕೊಕ್ಕೆಯಿರುವ ಒಳ ಉಡುಪು, ಬೆಳ್ಳಿಯ ಎಳೆಗಳಿರುವ ಕ್ರೀಡಾ ಉಡುಪು. ಕೇಂದ್ರದಲ್ಲಿ ನೀಡುವ ಬಟ್ಟೆಯನ್ನೇ ಧರಿಸಬೇಕು.
* ಕಳಚಬಹುದಾದ ಹಲ್ಲಿನ ಸೆಟ್ಟು, ಶ್ರವಣ ಸಾಧನ, ಕಣ್ಣಿನ ಅಲಂಕಾರ.

ಶುದ್ಧ ಚಿನ್ನ ಮತ್ತು ಬೆಳ್ಳಿಯನ್ನು ಅಯಸ್ಕಾಂತವು ಸೆಳೆಯುವುದಿಲ್ಲ. ಆದರೆ ಅವುಗಳ ಕೊಂಡಿ ಮತ್ತು ಸ್ಪ್ರಿಂಗುಗಳು ಉಕ್ಕಿನವಾಗಿರಬಹುದು, ಆಭರಣವು ಬಿಸಿಯಾಗಬಹುದು, ಚಿತ್ರವು ಕೆಡಬಹುದು. ತಾಳಿ ಮತ್ತು ಕಾಲುಂಗುರವನ್ನು ತೆಗೆಯಲು ಅನೇಕ ಮಹಿಳೆಯರಿಗೆ ಮನಸ್ಸು ಒಪ್ಪುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಲಾಗಿದೆ. ಮನೆಯಿಂದ ಹೊರಡುವ ಮೊದಲೇ ಅರಿಶಿನದ ದಾರವೊಂದನ್ನು ಕಟ್ಟಿಕೊಂಡು, ಆಭರಣಗಳನ್ನು ಮನೆಯಲ್ಲಿಯೇ ಬಿಟ್ಟು ಬರುವುದು ಸೂಕ್ತ. ಇದರಿಂದ ಆಭರಣ ಕಳೆದುಹೋಗುವ ಚಿಂತೆಯೂ ಇರುವುದಿಲ್ಲ. ಬಿಗಿಯಾಗಿ ಕೂತು ತೆಗೆಯಲಾಗದ ಮೂಗುತಿ ಅಥವಾ ಉಂಗುರವಿದ್ದಲ್ಲಿ ಸಿಬ್ಬಂದಿಗೆ ತಿಳಿಸಿ, ಅವರ ಸೂಚನೆಯಂತೆ ನಡೆಯಬೇಕು.

7. ರೋಗಿಯ ಜೊತೆಯಲ್ಲಿ ಬರುವವರಿಗೆ ಸೂಚನೆಗಳು

1) ಕೊಠಡಿಯೊಳಗೆ ಹೋಗುವ ಪ್ರತಿಯೊಬ್ಬರೂ ರೋಗಿಯಂತೆಯೇ ಪ್ರಶ್ನಾವಳಿಯನ್ನು ಭರ್ತಿ ಮಾಡಬೇಕು ಮತ್ತು ಲೋಹದ ವಸ್ತುಗಳನ್ನು ತೆಗೆದಿಡಬೇಕು. ನಿಮಗೆ ಪೇಸ್‌ಮೇಕರ್ ಇದ್ದಲ್ಲಿ ಒಳಗೆ ಹೋಗಕೂಡದು.
2) ಸಿಬ್ಬಂದಿ ಕರೆಯದೆ ಬಾಗಿಲನ್ನು ದಾಟಬಾರದು. ಒಳಗಿನಿಂದ ರೋಗಿಯೇ ಕರೆದರೂ ಮೊದಲು ಸಿಬ್ಬಂದಿಗೆ ತಿಳಿಸಬೇಕು.
3) ಸಿಲಿಂಡರ್, ಗಾಲಿ ಕುರ್ಚಿ, ಸ್ಟ್ರೆಚರ್ ಅಥವಾ ಊರುಗೋಲನ್ನು ಒಳಗೆ ತರುವಂತೆ ಯಾರಾದರೂ ಸೂಚಿಸಿದಲ್ಲಿ, ಅದು ಎಂ.ಆರ್.ಐ. ಕೊಠಡಿಗೆ ಯೋಗ್ಯವಾದದ್ದೇ ಎಂದು ತಂತ್ರಜ್ಞರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಹೀಗೆ ಕೇಳುವುದು ನಿಮ್ಮ ಹಕ್ಕು. 'ಯಂತ್ರ ಬಂದ್ ಆಗಿದೆ' ಎಂಬ ಉತ್ತರವನ್ನು ಒಪ್ಪಬಾರದು.
4) ತುರ್ತು ಸಂದರ್ಭದಲ್ಲಿ ರೋಗಿಯನ್ನು ಮೊದಲು ಕೊಠಡಿಯಿಂದ ಹೊರಗೆ ತಂದು ನಂತರ ಚಿಕಿತ್ಸೆ ನೀಡಲಾಗುತ್ತದೆ. ಸಹಾಯ ಮಾಡುವ ಆತುರದಲ್ಲಿ ಒಳಗೆ ಓಡಬಾರದು.

8. ತಪಾಸಣೆಯ ಸಮಯದಲ್ಲಿ

ತಪಾಸಣೆಗೆ ಸಾಮಾನ್ಯವಾಗಿ 20 ನಿಮಿಷಗಳಿಂದ ಒಂದು ಗಂಟೆಯವರೆಗೆ ಸಮಯ ಬೇಕಾಗುತ್ತದೆ. ಕಿವಿಗೆ ಹತ್ತಿ ಬಿರಡೆ ಅಥವಾ ಹೆಡ್‌ಫೋನ್ ನೀಡಲಾಗುತ್ತದೆ; ನೀಡದಿದ್ದಲ್ಲಿ ಕೇಳಿ ಪಡೆಯಬೇಕು. ಕೈಗಳನ್ನು ಹೆಣೆಯದೆ, ಕಾಲುಗಳನ್ನು ಒಂದರ ಮೇಲೊಂದು ಇಡದೆ ಮಲಗಬೇಕು. ಕೈಗೆ ನೀಡುವ ಗುಂಡಿ ಅಥವಾ ರಬ್ಬರ್ ಬುರುಡೆಯನ್ನು ಒತ್ತಿದರೆ ಸಿಬ್ಬಂದಿಗೆ ತಿಳಿಯುತ್ತದೆ. ದೇಹದ ಒಂದು ಭಾಗದಲ್ಲಿ ಹೆಚ್ಚು ಬಿಸಿ, ಉರಿ ಅಥವಾ ಸೆಳೆತ ಕಂಡುಬಂದಲ್ಲಿ ಸಹಿಸಿಕೊಂಡಿರದೆ ಕೂಡಲೇ ಒತ್ತಬೇಕು.

ಮಕ್ಕಳಿಗೆ ಮತ್ತು ಹೆಚ್ಚು ಭಯಪಡುವವರಿಗೆ ನಿದ್ರೆಯ ಔಷಧ ನೀಡಬೇಕಾಗಬಹುದು. ಅಂತಹವರು ಊಟ ಮತ್ತು ನೀರಿನ ಬಗ್ಗೆ ವೈದ್ಯರು ತಿಳಿಸಿದ ಸಮಯವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

9. ಕಾಂಟ್ರಾಸ್ಟ್ ಚುಚ್ಚುಮದ್ದು

ಚಿತ್ರವು ಸ್ಪಷ್ಟವಾಗಲು ಕೆಲವರಿಗೆ ಗ್ಯಾಡೋಲಿನಿಯಂ ಎಂಬ ಲೋಹದ ಸಂಯುಕ್ತವನ್ನು ರಕ್ತನಾಳಕ್ಕೆ ನೀಡಲಾಗುತ್ತದೆ. ಇದು 1988ರಿಂದ ಬಳಕೆಯಲ್ಲಿದ್ದು, ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಆದರೆ ಮೂತ್ರಪಿಂಡಗಳು ತೀವ್ರವಾಗಿ ಕೆಟ್ಟಿರುವವರಲ್ಲಿ ಚರ್ಮ ಮತ್ತು ಒಳ ಅಂಗಗಳು ಗಡುಸಾಗುವ ಗಂಭೀರ ಕಾಯಿಲೆಗೂ ಇದಕ್ಕೂ ಸಂಬಂಧವಿರುವುದು 2006ರಲ್ಲಿ ಬೆಳಕಿಗೆ ಬಂದಿತು. ಆದ್ದರಿಂದ ಅಗತ್ಯವಿರುವವರಿಗೆ ಮೊದಲು ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಲು ಸೂಚಿಸಲಾಗುತ್ತದೆ. ಹೆಚ್ಚು ಅಪಾಯಕಾರಿಯೆಂದು ಕಂಡುಬಂದ ಕೆಲವು ಬಗೆಯ ಔಷಧಗಳ ಬಳಕೆಯನ್ನು ಯುರೋಪಿನಲ್ಲಿ 2017ರಲ್ಲಿ ತಡೆಹಿಡಿಯಲಾಯಿತು. ಗರ್ಭಿಣಿಯರಿಗೆ ಅತ್ಯಗತ್ಯವಲ್ಲದೆ ಈ ಚುಚ್ಚುಮದ್ದನ್ನು ನೀಡುವುದಿಲ್ಲ.

10. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗರ್ಭಿಣಿಯರು ಎಂ.ಆರ್.ಐ. ಮಾಡಿಸಬಹುದೇ?
ಉತ್ತರ: ವೈದ್ಯರು ಅವಶ್ಯಕವೆಂದು ತಿಳಿಸಿದಲ್ಲಿ, ಕಾಂಟ್ರಾಸ್ಟ್ ಇಲ್ಲದೆ ಮಾಡಿಸಬಹುದು. ಗರ್ಭಿಣಿಯೆಂಬ ವಿಷಯವನ್ನು ಮೊದಲೇ ತಿಳಿಸಬೇಕು.

ಪ್ರಶ್ನೆ: ಹಲ್ಲಿಗೆ ಸಿಮೆಂಟ್ ತುಂಬಿಸಿದ್ದೇನೆ. ತೊಂದರೆಯಾಗುತ್ತದೆಯೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ಲೋಹದ ತುಂಬುವಿಕೆ ಅಥವಾ ತಂತಿಯಿದ್ದಲ್ಲಿ ಮುಖದ ಭಾಗದ ಚಿತ್ರವು ಅಸ್ಪಷ್ಟವಾಗಬಹುದು.

ಪ್ರಶ್ನೆ: ಕಳೆದ ವರ್ಷ ಇದೇ ಕೇಂದ್ರದಲ್ಲಿ ತಪಾಸಣೆಯಾಗಿದೆ. ಪುನಃ ನಮೂನೆ ಭರ್ತಿ ಮಾಡಬೇಕೇ?
ಉತ್ತರ: ಹೌದು. ನಡುವೆ ಶಸ್ತ್ರಚಿಕಿತ್ಸೆಯಾಗಿರಬಹುದು, ಯಂತ್ರವೂ ಬದಲಾಗಿರಬಹುದು.

ಪ್ರಶ್ನೆ: ನಮೂನೆಯು ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಪ್ರತಿಯೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳುವಂತೆ ಸಿಬ್ಬಂದಿಯನ್ನು ಕೇಳಬೇಕು. ಅರ್ಥವಾಗದ ನಮೂನೆಗೆ ಸಹಿ ಹಾಕಬಾರದು.

11. ದೂರು ಮತ್ತು ಅಹವಾಲು

ಸರ್ಕಾರಿ ಆಸ್ಪತ್ರೆಯ ಸೇವೆಯ ಬಗ್ಗೆ ದೂರುಗಳಿದ್ದಲ್ಲಿ ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಖಾಸಗಿ ಕೇಂದ್ರಗಳ ಬಗ್ಗೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿರುವ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ದೂರು ನೀಡಬಹುದು. ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು 2015ರಲ್ಲಿ ಆರಂಭವಾದ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೂ ವರದಿ ಮಾಡಲು ಅವಕಾಶವಿದೆ.

ಸಾರ್ವಜನಿಕರಲ್ಲಿ ಮನವಿ

ಎಂ.ಆರ್.ಐ. ತಪಾಸಣೆಯು ಅತ್ಯಂತ ಉಪಯುಕ್ತವಾದುದು. ಸೂಚನೆಗಳನ್ನು ಪಾಲಿಸಿದವರು ಇದಕ್ಕೆ ಹೆದರುವ ಅಗತ್ಯವಿಲ್ಲ. ಪ್ರಶ್ನಾವಳಿಗೆ ಬೇಕಾಗುವುದು ಹತ್ತು ನಿಮಿಷ. ಆ ಹತ್ತು ನಿಮಿಷಗಳಲ್ಲಿ ಎಲ್ಲವನ್ನೂ ನೆನಪಿಸಿಕೊಂಡು ಸತ್ಯವಾಗಿ ಬರೆಯಬೇಕೆಂದು, ಮನೆಯ ಹಿರಿಯರು ಮರೆತಿರಬಹುದಾದ ಹಳೆಯ ಶಸ್ತ್ರಚಿಕಿತ್ಸೆಗಳನ್ನು ಅವರ ಮಕ್ಕಳು ನೆನಪಿಸಬೇಕೆಂದು ಮತ್ತು ಬಾಗಿಲಿನಲ್ಲಿ ಇನ್ನೊಮ್ಮೆ ಜೇಬು, ಸೆರಗು ಮತ್ತು ಕೊರಳನ್ನು ಮುಟ್ಟಿ ನೋಡಿಕೊಳ್ಳಬೇಕೆಂದು ಕೋರಲಾಗಿದೆ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ನಿಮ್ಮ ತಪಾಸಣೆಗೆ ಸಂಬಂಧಿಸಿದಂತೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಮತ್ತು ರೇಡಿಯಾಲಜಿ ವಿಭಾಗದ ಸೂಚನೆಯೇ ಅಂತಿಮ.